ಆರೆಕೀಪಾದ ನೂಲು, ವೈನಿಯ ಬೆರಳು

ಲಿಮಾ

ಲಿಮಾ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿ ನಮ್ಮ ಶಾಂತಾ ವೈನಿಯ ಪೆಟ್ಟಿಗೆ ತೆರೆಸಿ ಒಳಗಿದ್ದುದನ್ನೆಲ್ಲ ಮೇಜಿನ ಮೇಲೆ ಹರಡಿದ. ಖಡಕ್ ರೊಟ್ಟಿಯ ಕಟ್ಟು, ಶೇಂಗಾ ಚಟ್ನಿಪುಡಿಯ ಡಬ್ಬಿ, ಎರಡು ಇಳಕಲ್ ಸೀರೆ, ಬಿಳಿ ದಾರದ ಒಂದು ಉಂಡೆ, ಮತ್ತು ಹನ್ನೊಂದು ಕ್ರೋಶಾ ಕಡ್ಡಿ. ಚಟ್ನಿಪುಡಿಯನ್ನು ಮೂಸಿ ನೋಡಿ ಮೂರು ಸಲ ಸೀನಿದ. ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ತುದಿ ಬಾಗಿದ ಕಡ್ಡಿಗಳನ್ನು ಒಂದೊಂದಾಗಿ ಜೋಡಿಸಿ, ಸ್ಪ್ಯಾನಿಷ್‌ನಲ್ಲಿ ಏನೋ ಕೇಳಿದ.

ನಾನು ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ಇಂಗ್ಲಿಷ್ ಪತ್ರ ಟೈಪ್ ಮಾಡಿದವಳು. ಆ ಧೈರ್ಯದಲ್ಲಿ, ನಾವು ನೂಲು ಆರಿಸಲು ಬಂದವರು ಅಂತ ಎರಡು ಬಗೆಯಲ್ಲಿ ಹೇಳಿದೆ. ಅವನಿಗೆ ಒಂದೂ ತಿಳಿಯಲಿಲ್ಲ. ಅವನು ಹೇಳಿದ್ದು ನನಗೆ ತಿಳಿಯಲಿಲ್ಲ. ನಮ್ಮ ಹಿಂದೆ ಸಾಲು ಬೆಳೆಯುತ್ತಿತ್ತು.

“ಏನ್ ಕೇಳಾಕತ್ತಾನ?” ಎಂದರು ವೈನಿ.

“ಇವು ಏನು ಅಂತ ಕೇಳಾಕತ್ತಿರಬೇಕ್ರಿ.”

ಅವರು ಅಲ್ಲಿದ್ದ ಕುರ್ಚಿಯನ್ನು ಎಳೆದುಕೊಂಡು ಕೂತೇಬಿಟ್ಟರು. ದಾರದ ಉಂಡೆ ತೊಡೆಯ ಮೇಲಿಟ್ಟು ಒಂದು ಹೂವು ಹಾಕತೊಡಗಿದರು. ಸಾಲಿನವರು ಕತ್ತು ಚಾಚಿ ನೋಡಿದರು. ಪಕ್ಕದ ಮೇಜಿನ ಮಹಿಳಾ ಅಧಿಕಾರಿ ಎದ್ದು ಬಂದು, ತನ್ನ ಎರಡೂ ಕೈಯಿಂದ ಹಾಗೆಯೇ ಅಭಿನಯಿಸಿ “ಅಬುವೇಲಾ, ಅಬುವೇಲಾ” ಅಂದಳು. ಅಜ್ಜಿ ಅಂತ ಅರ್ಥ ಎಂದು ನಾಲ್ಕು ದಿನದ ಮೇಲೆ ತಿಳಿಯಿತು. ಪೆಟ್ಟಿಗೆ ಮುಚ್ಚಿ ಕೊಟ್ಟರು. ವೈನಿ ಹೂವನ್ನು ಆಕೆಗೇ ಕೊಟ್ಟರು.

ಹೂವಿಗೆ ಆರು ಎಸಳು ಇರಬೇಕಿತ್ತು, ಐದಿದ್ದವು. ಒಂದು ಎಸಳು ಸಡಿಲವಾಗಿ ಜೋತುಬಿದ್ದಿತ್ತು. ಮೂರು ವಿಮಾನ ಬದಲಿಸಿ ಬಂದ ಆಯಾಸ ಅಂದುಕೊಂಡೆ.

ಹೊರಗೆ ಬಂದರೆ ಆಕಾಶ ಬೂದಿ ಬಳಿದ ಹಾಗಿತ್ತು. ಮೋಡ ಇತ್ತು, ಮಳೆ ಇರಲಿಲ್ಲ. ಮುಖ ಒದ್ದೆಯಾಗುತ್ತಿತ್ತು, ನೆಲ ಒಣಗಿತ್ತು. ಆ ಊರಿನ ಬಗ್ಗೆ ನನಗೆ ಅದಕ್ಕಿಂತ ಹೆಚ್ಚು ಗೊತ್ತಿಲ್ಲ.

ಬೇಗಂ ಬಜಾರ್, ಹೊರಡುವ ಮುನ್ನ

ಹೈದರಾಬಾದಿನ ಇಬ್ಬರು ಹೆಂಗಸರು ನೂಲಿಗಾಗಿ ಪೆರುವಿಗೆ ಹೋಗುವುದೆಂದರೇನು ಅಂತ ಎಲ್ಲರೂ ಕೇಳುತ್ತಾರೆ. ನಮಗೂ ಅದು ಪೂರ್ತಿ ಅರ್ಥವಾಗಿರಲಿಲ್ಲ.

ಶಾಂತಾ ವೈನಿ ನನ್ನ ಅಣ್ಣನ ಹೆಂಡತಿ. ಅಣ್ಣ ಇಳಕಲ್ ಕಡೆಯಿಂದ ಬಂದು ಬಾಲಾನಗರದ ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸಿ ನಿವೃತ್ತನಾದವನು. ನಾನು ಮದುವೆಯಾಗಲಿಲ್ಲ, ಸನತ್‌ನಗರದ ಅಣ್ಣನ ಮನೆಯಲ್ಲೇ ಇದ್ದೇನೆ. ಆ ಮನೆಯ ಪಡಸಾಲೆಯಲ್ಲಿ ವೈನಿ ಹದಿನೈದು ಹೆಂಗಸರಿಗೆ ಹೆಣಿಗೆ ಮತ್ತು ಕ್ರೋಶಾ ಕಲಿಸಿ ಒಂದು ಗುಂಪು ಕಟ್ಟಿದ್ದರು. ಹೈದರಾಬಾದಿನ ಸೆಕೆಯಲ್ಲಿ ಉಣ್ಣೆ ಯಾರಿಗೆ ಬೇಕು ಅಂತ ಮೊದಲು ನಾನೇ ನಕ್ಕಿದ್ದೆ. ಆಗಲೇ ಮಾದಾಪುರದ ಬಂಡೆಗಳ ನಡುವೆ ಗಾಜಿನ ಕಟ್ಟಡಗಳು ಎದ್ದವು. ಗಲ್ಲಿಗೊಂದು ಸೈಬರ್ ಕೆಫೆ, ಬಸ್ಸಿನ ತುಂಬ ಕೊರಳಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡ ಹುಡುಗಿಯರು. ಹೊರಗೆ ಮೇ ತಿಂಗಳ ಬಿಸಿಲು, ಒಳಗೆ ಏಸಿಯ ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತಂತೆ. ನಮ್ಮ ಶಾಲುಗಳು ಆ ಕುರ್ಚಿಗಳ ಬೆನ್ನಿಗೆ ಹೋಗಿ ಕೂತವು. ಅವರಲ್ಲೊಬ್ಬಳು ಕಂಪನಿಯ ಕೆಲಸಕ್ಕೆ ಹೊರದೇಶಕ್ಕೆ ಹೋದಾಗ ಹೊದ್ದಿದ್ದ ಶಾಲು ಅಲ್ಲಿನ ಅಂಗಡಿಯೊಂದರ ಒಡತಿಗೆ ಹಿಡಿಸಿತು. ಇಂಥವೇ ಬೇಕು, ಆದರೆ ಪೆರುವಿನ ಗುಡ್ಡಗಳಲ್ಲಿ ಮೇಯುವ ಅಲ್ಪಾಕಾ ಎಂಬ ಪ್ರಾಣಿಯ ಉಣ್ಣೆಯಲ್ಲಿ, ಹೆಣೆದ ಸ್ವೆಟರೂ ಬೇಕು, ಕ್ರೋಶಾ ಶಾಲೂ ಬೇಕು ಅಂತ ಈಮೇಲ್ ಬಂತು.

ನಮಗೆ ನೂಲು ಕೊಡುವವರು ಬೇಗಂ ಬಜಾರಿನ ಗಿರಿಧರ ಸೇಠ್. ಅವರ ಅಂಗಡಿ ಮೊದಲ ಮಹಡಿಯ ಮೇಲೆ. ಅವರು ಪೆರುವಿನಿಂದ ಮಾದರಿಗೆ ಮೂರು ಲಡಿ, ಅಂದರೆ ಸುತ್ತಿದ ನೂಲಿನ ಕಟ್ಟು, ತರಿಸಿದರು. ಮೂರರ ಮೇಲೂ ಒಂದೇ ಹೆಸರು, ‘ಬೇಬಿ ಅಲ್ಪಾಕಾ’. ಮೂರೂ ಬೇರೆ ಬೇರೆ. ಒಂದು ಬೆಣ್ಣೆ, ಒಂದು ಕಂಬಳಿ, ಒಂದು ಎರಡರ ನಡುವೆ.

“ಕಾಗಜ್ ಪೇ ಸಬ್ ಬೇಬಿಚ್ ಹೈ,” ಕಾಗದದ ಮೇಲೆ ಎಲ್ಲ ಬೇಬಿಯೇ ಎಂದು ಸೇಠ್ ತಲೆ ಕೆರೆದುಕೊಂಡರು. ಆಮೇಲೆ ವೈನಿಯ ಕಡೆ ತಿರುಗಿ, “ಶಾಂತಾಬಾಯಿ, ಆಪ್ ಕಾ ಹಾಥ್ ಬೋಲಾ ತೋ ಬಸ್,” ಎಂದರು. ನಿಮ್ಮ ಕೈ ಹೇಳಿದರೆ ಸಾಕು ಅಂತ.

ಅದು ಉಬ್ಬಿಸುವ ಮಾತಾಗಿರಲಿಲ್ಲ. ಇಪ್ಪತ್ತು ವರ್ಷಗಳಿಂದ ಆ ಅಂಗಡಿಯಲ್ಲಿ ನೂಲು ಬಂದಾಗಲೆಲ್ಲ ವೈನಿ ಹೆಬ್ಬೆರಳು ತೋರುಬೆರಳಿನ ನಡುವೆ ಎಳೆಯನ್ನು ಒಮ್ಮೆ ಹೊಸೆದು, ಇರಲಿ ಅಥವಾ ಬ್ಯಾಡ ಅನ್ನುತ್ತಿದ್ದರು. ಅದೇ ಕೊನೆಯ ಮಾತು. ಆ ಬೆರಳಿಗಾಗಿಯೇ ಸೇಠ್ ಟಿಕೆಟ್ ತೆಗೆಸಿದರು. ಇಂಗ್ಲಿಷಿಗಾಗಿ ನನ್ನನ್ನು ಜೊತೆಗೆ ಕಳಿಸಿದರು. ನೂಲಿನ ವಿಷಯದಲ್ಲಿ ನಾನು ಯಾವತ್ತೂ ಬಾಯಿ ಹಾಕಿದವಳಲ್ಲ. ಲೆಕ್ಕ, ಪತ್ರ ಮಾತ್ರ ನನ್ನದು.

ಆರೆಕೀಪಾ, ಮೊದಲ ದಿನ

ಆರೆಕೀಪಾ ಬಿಳಿಯ ಊರು. ಜ್ವಾಲಾಮುಖಿ ಉಗುಳಿದ ಬಿಳಿಕಲ್ಲಿನಲ್ಲೇ ಮನೆ, ಇಗರ್ಜಿ, ಗೋಡೆ ಎಲ್ಲ ಕಟ್ಟಿದ್ದಾರೆ. ಆ ಜ್ವಾಲಾಮುಖಿ ಊರ ಹಿಂದೆಯೇ ನಿಂತಿದೆ. ಅದರ ಬುಡದಲ್ಲಿ ಜನ ಐಸ್‌ಕ್ರೀಮ್ ತಿನ್ನುತ್ತ ಓಡಾಡುತ್ತಾರೆ. “ಇವರಿಗೆ ಅಂಜಿಕಿ ಇಲ್ಲೇನು?” ಎಂದು ವೈನಿ ಎರಡು ಸಲ ಕೇಳಿದರು.

ನೂಲಿನ ಗಿರಣಿಯವರು ನಮ್ಮ ಜೊತೆಗೆ ಎಲ್ಬಾ ಎಂಬ ಹೆಂಗಸನ್ನು ಕೊಟ್ಟಿದ್ದರು. ನಲವತ್ತರ ಆಸುಪಾಸು, ಗಟ್ಟಿ ದನಿ, ಪ್ರವಾಸಿಗರಿಂದ ಕಲಿತ ಇಂಗ್ಲಿಷ್. ಆಕೆ ನಮ್ಮನ್ನು ಗಿರಣಿಯ ಮಳಿಗೆಯಲ್ಲಿ ಕೂರಿಸಿ ನೂಲು ತೋರಿಸಲು ಶುರುಮಾಡಿದ ಅರ್ಧ ಗಂಟೆಯಲ್ಲೇ ನಾನು ಕಂಗಾಲಾದೆ. ಅಲ್ಪಾಕಾದಲ್ಲಿ ಎರಡು ಜಾತಿಯಂತೆ. ಮೈತುಂಬ ಗುಂಗುರು ಉಣ್ಣೆಯದು ಹುವಕಾಯಾ. ಉದ್ದ ಜಡೆಯಂತೆ ಜೋತುಬೀಳುವ, ರೇಷ್ಮೆಯ ಹೊಳಪಿನದು ಸೂರಿ. ಅದರ ಮೇಲೆ ನಯದ ದರ್ಜೆಗಳು: ಸೂಪರ್‌ಫೈನ್ ಅಂದರೆ ಭಾಳ ನಯ ಅಂದುಕೊಂಡರೆ ಅಲ್ಲ, ಅದಕ್ಕಿಂತ ಬೇಬಿ ನಯ, ಬೇಬಿಗಿಂತ ರಾಯಲ್ ನಯ. ಅದರ ಮೇಲೆ ಎರಡೆಳೆ, ಮೂರೆಳೆ, ನಾಲ್ಕೆಳೆ. ಅದರ ಮೇಲೆ ಬಣ್ಣ ಹಾಕದ ಬಣ್ಣಗಳು. ಕಂದು ಅಂದರೆ ಒಂದು ಅಂದುಕೊಂಡಿದ್ದೆ. ಎಲ್ಬಾ ಮೇಜಿನ ಮೇಲೆ ಒಂಬತ್ತು ಕಂದು ಇಟ್ಟಳು.

ವೈನಿಗೆ ಬೇರೆಯೇ ಚಿಂತೆ. ಬೇಗಂ ಬಜಾರಿನಲ್ಲಿ ಬೇಬಿ ಅಂದರೆ ಬರೀ ಹೆಸರು ಅಂದುಕೊಂಡಿದ್ದರಂತೆ; ಇಲ್ಲಿ ಪ್ರಾಣಿಗಳ ಮಾತು ಬಂದಾಗಿನಿಂದ ಅವರು ಆ ಲಡಿಗಳನ್ನು ಮುಟ್ಟಲೇ ಇಲ್ಲ.

“ಮರಿಗಳ ಕೂದಲ ಕತ್ತರಿಸ್ತಾರ? ಚಳಿಯಾಗ ಅವು ಏನ್ ಮಾಡಬೇಕು? ನಾ ಮುಟ್ಟಾಂಗಿಲ್ಲ ನೋಡು. ಹೇಳು ಆಕಿಗೆ.”

ನಾನು ಹೇಳಿದೆ. ಎಲ್ಬಾ ಕಣ್ಣರಳಿಸಿ ನಮ್ಮಿಬ್ಬರನ್ನೂ ನೋಡಿದಳು. ಬೇಬಿ ಎಂದರೆ ಮರಿಯಲ್ಲ, ನಯದ ಹೆಸರು. ದೊಡ್ಡ ಪ್ರಾಣಿಯ ಮೈಮೇಲೂ ಬೇಬಿ ಉಣ್ಣೆ ಇರಬಹುದು ಎಂದು ವಿವರಿಸಿದಳು.

“ಹಂಗಾದ್ರ ಮುದಿ ಅಲ್ಪಾಕಾಕ್ಕೂ ಬೇಬಿ ಅಂತಾರ?”

“ಅದರ ಉಣ್ಣೆ ನಯವಿದ್ದರೆ ಅನ್ನುತ್ತೇವೆ,” ಎಂದಳು ಎಲ್ಬಾ.

“ಒಳ್ಳೆ ದೇಶ,” ಎಂದರು ವೈನಿ. ನಕ್ಕರು. ಆದರೂ ಕೈ ಮಾತ್ರ ಸೆರಗಿನೊಳಗೇ ಇತ್ತು. ಇವತ್ತು ಬ್ಯಾಡ, ನಾಳಿ ನೋಡೂಣು ಎಂದರು.

ಆ ಮಧ್ಯಾಹ್ನ ನಾವು ಇಳಿದುಕೊಂಡಿದ್ದ ಮನೆಯಲ್ಲಿ ಊಟಕ್ಕೆ ಆಲೂಗಡ್ಡೆಯೇ ನಾಲ್ಕು ಬಗೆಯಲ್ಲಿ ಬಂತು: ಹಳದಿ, ನೇರಳೆ, ಕರಿ, ಮತ್ತೊಂದು ಒಣಗಿಸಿ ಕಲ್ಲಿನಂತಾದದ್ದು. ಚಟ್ನಿಪುಡಿಯ ಡಬ್ಬಿ ತೆರೆದೆವು. ಮನೆಯೊಡತಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಕಣ್ಣೀರು ಸುರಿಸಿದಳು, ಮತ್ತೆ ತಟ್ಟೆ ಮುಂದೆ ಹಿಡಿದಳು.

ಆರೆಕೀಪಾ, ಮಾರುಕಟ್ಟೆ

ಮರುದಿನ ಗಿರಣಿಗೆ ಹೋಗುವ ಮುನ್ನ ಊರಿನ ಮಾರುಕಟ್ಟೆ ನೋಡೋಣ ಎಂದವರು ವೈನಿಯೇ. ದೊಡ್ಡ ಚಾವಣಿಯ ಕೆಳಗೆ ಸಾಲು ಅಂಗಡಿ, ಕೂಗಾಟ, ಮೂಟೆ, ಮೆಣಸಿನ ಘಾಟು. ಅಲ್ಲಿ ನಿಂತರೆ ನಮಗೆ ಬೇಗಂ ಬಜಾರಿನಲ್ಲಿ ನಿಂತಷ್ಟೇ ಹಿತವಾಯಿತು. ಒಬ್ಬಾಕೆ ಜಡೆಗಳ ಮೇಲೆ ಟೋಪಿ ಹಾಕಿಕೊಂಡು ನೂಲಿನ ಗುಡ್ಡೆಯ ನಡುವೆ ಕೂತಿದ್ದಳು. “ಬೇಬಿ ಅಲ್ಪಾಕಾ, ಸೆನ್ಯೋರಾ” ಎಂದು ಒಂದು ಬೂದು ಲಡಿಯನ್ನು ವೈನಿಯ ಕೈಗಿಟ್ಟಳು.

ವೈನಿ ಹೆಬ್ಬೆರಳು ತೋರುಬೆರಳಿನ ನಡುವೆ ಎಳೆ ಹೊಸೆದರು. ಕಣ್ಣು ಮುಚ್ಚಿದರು. ನಾನು ಬರೆದುಕೊಳ್ಳಲು ಪುಸ್ತಕ ತೆಗೆದೆ.

“ಚಲೋ ಐತಿ. ಇದು ಇರಲಿ,” ಎಂದರು.

ನಾನೂ ಸುಮ್ಮನೆ ಮುಟ್ಟಿದೆ. ನನ್ನ ಬೆರಳ ನಡುವೆ ಅದು ಕಿರುಗುಟ್ಟಿ, ಜಾರಿದಂತೆ ತೋರಿತು. ನಮ್ಮ ಗುಂಪಿನ ಹೊಸಬರಿಗೆ ಕಲಿಯಲು ಕೊಡುವ ಅಗ್ಗದ ಅಕ್ರಿಲಿಕ್ ನೂಲಿನ ಹಾಗೆ. ಮತ್ತೆ ಮುಟ್ಟಿದೆ. ಅಲ್ಪಾಕಾವೇ ಹೀಗಿರಬಹುದೇನೋ. ನನಗೇನು ಗೊತ್ತು? ಇಪ್ಪತ್ತು ವರ್ಷ ತಪ್ಪದ ಕೈ ಹೇಳುತ್ತಿದೆ. ಪುಸ್ತಕದಲ್ಲಿ ‘ಬೂದು, ಚಲೋ’ ಎಂದು ಬರೆದೆ. ಬರೆದ ಮೇಲೂ ಬೆರಳು ಒಪ್ಪಲಿಲ್ಲ.

ಎಲ್ಬಾ ಲಡಿಯ ಒಂದು ತುಂಡು ದಾರ ಕಿತ್ತು ಬೆಂಕಿಕಡ್ಡಿ ಗೀರಿದಳು. ದಾರ ಬೂದಿಯಾಗಲಿಲ್ಲ, ಕರಗಿ ತುದಿಯಲ್ಲಿ ಕರಿ ಮಣಿಯಾಯಿತು. ಉಣ್ಣೆಯಾಗಿದ್ದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಉದುರಬೇಕಿತ್ತು. ಅದು ವೈನಿ ನನಗೂ ಹೆಣಿಗೆ ಹೇಳಿಕೊಟ್ಟ ಮೊದಲ ವರ್ಷವೇ ಕಲಿಸಿದ ಪಾಠ. ಅಂಗಡಿಯಾಕೆ ನಾಚಿಕೆಯೇ ಇಲ್ಲದೆ ನಕ್ಕು ಬೇರೊಂದು ಲಡಿ ಎತ್ತಿದಳು.

“ಕೈ ಬೆವತಾವ,” ಎಂದರು ವೈನಿ. “ಗಾಳಿ ಬ್ಯಾರೆ ಐತಲ್ಲ ಇಲ್ಲಿ.”

ಆ ಗಾಳಿ ಒಣಗಾಳಿ. ನನ್ನ ತುಟಿ ಒಡೆದಿತ್ತು. ಯಾರ ಕೈಯೂ ಬೆವರುವ ಹಾಗಿರಲಿಲ್ಲ. ಹಿಂತಿರುಗುವ ದಾರಿಯುದ್ದಕ್ಕೂ ನನಗೆ ಯಾರ ಮೇಲೆ ಅನುಮಾನ ಬರಬೇಕು ಎಂಬುದೇ ತಿಳಿಯಲಿಲ್ಲ: ನೂಲಿನ ಮೇಲೋ, ನನ್ನ ಮೇಲೋ, ಅವರ ಮೇಲೋ.

ವಿಂಗಡಿಸುವ ಮನೆ

ಮೂರನೆಯ ದಿನ ಎಲ್ಬಾ ನಮ್ಮನ್ನು ಗಿರಣಿಯ ಹಿಂದಿನ ಉದ್ದನೆಯ ಶೆಡ್ಡಿಗೆ ಕರೆದೊಯ್ದಳು. ಅಲ್ಲಿ ಕತ್ತರಿಸಿ ತಂದ ಉಣ್ಣೆಯನ್ನು ಹೆಂಗಸರು ಕೈಯಿಂದಲೇ ವಿಂಗಡಿಸುತ್ತಾರೆ. ಯಂತ್ರವಿಲ್ಲ, ಅಳತೆಪಟ್ಟಿ ಇಲ್ಲ. ಒಂದೇ ಪ್ರಾಣಿಯ ಉಣ್ಣೆ, ಬೆನ್ನಿನದು ಒಂದು ಬುಟ್ಟಿಗೆ, ಕತ್ತಿನದು ಇನ್ನೊಂದಕ್ಕೆ, ಕಾಲಿನದು ಮತ್ತೊಂದಕ್ಕೆ. ಕೈ ಮುಟ್ಟುತ್ತದೆ, ಹರಿಯುತ್ತದೆ, ಎಸೆಯುತ್ತದೆ. ಬಾಯಿ ಮಾತ್ರ ಹರಟುತ್ತಲೇ ಇರುತ್ತದೆ. ನಮ್ಮ ಪಡಸಾಲೆಯಂತೆಯೇ.

ಅವರಲ್ಲಿ ಹಿರಿಯಳು ಹುಸ್ತೀನಾ. ಎಪ್ಪತ್ತರ ಹತ್ತಿರ, ಗಿಡ್ಡ ಮೈ, ಚುರುಕು ಕಣ್ಣು. ಭಾರತದಿಂದ ಕೈಯಲ್ಲೇ ನೂಲು ಓದುವ ಹೆಂಗಸು ಬಂದಿದ್ದಾಳೆ ಅಂತ ಎಲ್ಬಾ ಮೊದಲೇ ಹೇಳಿಬಿಟ್ಟಿದ್ದಳು. ಹುಸ್ತೀನಾ ಐದು ಮುಷ್ಟಿ ಬಿಳಿ ಉಣ್ಣೆಯನ್ನು ಮೇಜಿನ ಮೇಲಿಟ್ಟಳು. ಒಂದೇ ಬಣ್ಣ, ಐದು ದರ್ಜೆ. ಒರಟಿನಿಂದ ನಯಕ್ಕೆ ಜೋಡಿಸು ಎಂದು ವೈನಿಗೆ ಸನ್ನೆ ಮಾಡಿದಳು. ಹೆಂಗಸರೆಲ್ಲ ಕೆಲಸ ಬಿಟ್ಟು ಸುತ್ತ ನಿಂತರು.

ವೈನಿ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದರು. ಒಂದೊಂದು ಮುಷ್ಟಿಯನ್ನೂ ಹಿಚುಕಿದರು, ಎಳೆದರು, ಬೆಳಕಿಗೆ ಹಿಡಿದರು. ಬಹಳ ಹೊತ್ತು ತೆಗೆದುಕೊಂಡರು. ಕೊನೆಗೆ ಐದನ್ನೂ ಸಾಲಾಗಿ ಇಟ್ಟರು. ನನಗೇ ಕಣ್ಣಿಗೆ ಕಾಣುತ್ತಿತ್ತು, ಸಾಲು ತಪ್ಪಿತ್ತು. ಒರಟಾದದ್ದು ನಾಲ್ಕನೆಯ ಜಾಗದಲ್ಲಿತ್ತು. ಯಾರೋ ಒಬ್ಬಳು ಕಿಸಕ್ಕೆಂದಳು.

ಹುಸ್ತೀನಾ ನಗಲಿಲ್ಲ. ಆಕೆ ಉಣ್ಣೆಯನ್ನು ನೋಡುತ್ತಲೂ ಇರಲಿಲ್ಲ. ನಾಲ್ಕನೆಯ ಮುಷ್ಟಿಯ ಮೇಲೆ ಒಂದು ಕೆಂಪು ಚುಕ್ಕೆ ಇತ್ತು. ಪಕ್ಕದಲ್ಲಿ ಇನ್ನೊಂದು. ವೈನಿಯ ಬಲಗೈ ಹಿಡಿದು ತಿರುಗಿಸಿದಳು. ಉಣ್ಣೆಯಲ್ಲಿ ಸಿಕ್ಕಿಕೊಂಡಿದ್ದ ಗುಡ್ಡಗಾಡಿನ ಮುಳ್ಳೊಂದು ತೋರುಬೆರಳ ತುದಿಯಲ್ಲಿ ಅರ್ಧ ಇಳಿದಿತ್ತು. ರಕ್ತ ಹನಿಯುತ್ತಿತ್ತು. ವೈನಿ ತಮ್ಮ ಬೆರಳನ್ನು, ಬೇರೆ ಯಾರದೋ ಬೆರಳು ನೋಡುವ ಹಾಗೆ ನೋಡಿದರು.

ಹುಸ್ತೀನಾ ಮುಳ್ಳು ಕಿತ್ತಳು. ಆಗಲೂ ವೈನಿ ಹಾ ಅನ್ನಲಿಲ್ಲ.

ಅಂಗಳದಲ್ಲಿ ಬಿಳಿಕಲ್ಲಿನ ಒಂದು ಕಟ್ಟೆ ಇತ್ತು. ಬೆರಳಿಗೆ ಬಟ್ಟೆ ಸುತ್ತಿಕೊಂಡು ವೈನಿ ಅಲ್ಲಿ ಕೂತರು. ನಾನು ಎದುರು ನಿಂತೆ.

“ಯಾವಾಗಿಂದ್ರಿ?”

“ವರ್ಷದ ಮ್ಯಾಲ ಆತು. ಶುಗರ್ ಹೆಚ್ಚಾದ ಮ್ಯಾಲ. ಮೊದಲ ಇರುವಿ ಹರಿದಂಗ ಆತು. ಆಮ್ಯಾಲ ಅದೂ ಇಲ್ಲ. ದಪ್ಪ ಕೈಗವಸು ಹಾಕ್ಕೊಂಡು ಮುಟ್ಟಿದಂಗ.”

“ಸೇಠಜಿ ಅಂಗಡಿಯಾಗ ಹೆಂಗ ಆರಸ್ತಿದ್ರಿ ಮತ್ತ?”

“ಕಣ್ಣಿಲೆ. ವಾಸನಿಲೆ. ಅವರ ಮಾರಿ ನೋಡಿ. ಇದು ತುಟ್ಟಿ ಮಾಲು ಅಂತ ಅವರ ಮಾರಿ ಹೇಳತೈತಿ.” ಬೆರಳಿನ ಬಟ್ಟೆ ಬಿಗಿದುಕೊಳ್ಳುತ್ತ ಹೇಳಿದರು, “ದೈವ ಚಲೋ ಇತ್ತು, ತಪ್ಪಲಿಲ್ಲ.”

ನನಗೆ ಒಮ್ಮೆಗೇ ಸಿಟ್ಟು ಬಂತು. ಹಂಚಿನ ಮೇಲೆ ಅವರ ಬೆರಳು ಸುಟ್ಟು ಬೊಬ್ಬೆ ಬಂದಾಗ ನಾನೇ ಮುಲಾಮು ಹಚ್ಚಿದ್ದೆ, ಅಜಾಗರೂಕತೆ ಅಂತ ಬೈದಿದ್ದೆ. ಒಂದೇ ಮನೆ, ಒಂದೇ ಒಲೆ. ನನಗೆ ತಿಳಿಯಲಿಲ್ಲ. ಸಿಟ್ಟು ಅವರ ಮೇಲೋ ನನ್ನ ಮೇಲೋ ಗೊತ್ತಾಗದೆ ಗಟ್ಟಿಯಾಗಿ ಅಂದೆ:

“ಹಂಗಿದ್ರ ಇಷ್ಟು ದೂರ ಯಾಕ ಬಂದ್ರಿ? ಆಗಂಗಿಲ್ಲ ಅಂತ ಅಲ್ಲೇ ಹೇಳಬೇಕಿತ್ತಲ್ಲ!”

ವೈನಿ ತಲೆ ಎತ್ತಲಿಲ್ಲ. “ಇದು ಭಾಳ ಮೆತ್ತಗಿನ ಉಣ್ಣಿ ಅಂತ ಸೇಠಜಿ ಹೇಳಿದ್ರಲ್ಲ. ಜಗತ್ತಿನಾಗ ಇಂಥಾದ್ದು ಇಲ್ಲ ಅಂತ. ಅಷ್ಟು ಮೆತ್ತಗಿದ್ರ... ನನ್ನ ಬಟ್ಟಿಗೆ ತಿಳಿದೀತು ಅಂತ ಬಂದೆ.”

ನಮ್ಮ ಕಡೆ ಬೆರಳಿಗೆ ಬಟ್ಟು ಅನ್ನುತ್ತೇವೆ. ಆ ಮಾತು ಕೇಳಿದ ಮೇಲೆ ಅವರ ಪಕ್ಕದಲ್ಲಿ ಕೂತೆ. ಒಳಗಿನಿಂದ ಹೆಂಗಸರ ಹರಟೆ ಮತ್ತೆ ಶುರುವಾದದ್ದು ಕೇಳಿಸುತ್ತಿತ್ತು.

“ಊರಿಗೆ ಹೋದ ಮ್ಯಾಲ ಸೇಠಜಿಗೆ ನಾನ ಹೇಳ್ತೀನಿ,” ಎಂದರು ವೈನಿ. “ನೀ ಹೇಳಬ್ಯಾಡ. ಆದ್ರ ನೂಲು ತಪ್ಪಬಾರದು, ವಿಮಲಾ. ಹದಿನೈದು ಮಂದಿ ಕಾಯಾಕತ್ತಾರ ಅಲ್ಲಿ. ನೀ ಆರಿಸು.”

“ನನಗೇನು ಗೊತ್ತೈತ್ರಿ?”

“ನಿನ್ನೆ ಅದು ಅಕ್ರಿಲಿಕ್ ಅಂತ ನಿನಗ ಗೊತ್ತಾಗಿತ್ತು. ನಿನ್ನ ಮಾರಿ ನೋಡೇನಿ ನಾನು.”

ಗುಡ್ಡದ ಮೇಲೆ

ಮರುದಿನ ಅಲ್ಪಾಕಾಗಳನ್ನು ನೋಡಲು ಗಿರಣಿಯ ವ್ಯಾನು ನಮ್ಮನ್ನು ಮೇಲೆ ಕರೆದೊಯ್ಯಿತು. ಮೇಲೆ ಅಂದರೆ ಮೋಡಕ್ಕಿಂತ ಮೇಲೆ. ಅರ್ಧ ದಾರಿಯಲ್ಲಿ ನನ್ನ ತಲೆ ಸಿಡಿಯತೊಡಗಿತು. ಹೆಜ್ಜೆ ಇಟ್ಟರೆ ಉಸಿರಿಲ್ಲ, ಕೂತರೆ ವಾಕರಿಕೆ. ಎಲ್ಬಾ ಕೋಕಾ ಎಲೆಯ ಕಷಾಯ ಕುಡಿಸಿದಳು. ನಮ್ಮ ಕಡೆಯ ಯಾವುದೋ ಸೊಪ್ಪು ಕುದಿಸಿದ ನೀರಿನಂತಿತ್ತು. ಸಕ್ಕರೆ ಕಾಯಿಲೆಯ ವೈನಿ ಮಾತ್ರ ಇಳಕಲ್ ಸೀರೆಯ ಮೇಲೆ ಅಣ್ಣನ ಸ್ವೆಟರ್ ಹಾಕಿಕೊಂಡು, ಸನತ್‌ನಗರದ ಬಸ್ ಸ್ಟಾಪಿನಲ್ಲಿ ನಿಂತವರ ಹಾಗೆ ಆರಾಮಾಗಿ ನಿಂತಿದ್ದರು.

ಹುಲ್ಲು ಕುರುಚಲು, ನೆಲ ಬಂಜರು. ನೂರಾರು ಅಲ್ಪಾಕಾಗಳು ಕತ್ತು ನೀಟಿ, ಕೊಂಚ ಬೇಸರದಿಂದಲೆಂಬಂತೆ ನಮ್ಮನ್ನು ನೋಡಿದವು. ಅವುಗಳನ್ನು ಮೇಯಿಸುವ ಹೆಂಗಸು ಕೈಯಲ್ಲಿ ಕದಿರು ತಿರುಗಿಸುತ್ತ ನಡೆಯುತ್ತಿದ್ದಳು. ನಡೆಯುತ್ತ ನೂಲುತ್ತಾಳೆ, ಕೂಗುತ್ತ ನೂಲುತ್ತಾಳೆ, ಕಲ್ಲೆಸೆಯುವಾಗ ಮಾತ್ರ ಕದಿರನ್ನು ಸೊಂಟಕ್ಕೆ ಸಿಕ್ಕಿಸುತ್ತಾಳೆ. ಅವಳಿಗೆ ಸ್ಪ್ಯಾನಿಷೂ ಸರಿಯಾಗಿ ಬರುತ್ತಿರಲಿಲ್ಲ, ಅವಳದು ಗುಡ್ಡದ ಭಾಷೆ. ವೈನಿ ಅವಳೊಂದಿಗೆ ಕನ್ನಡದಲ್ಲೇ ಮಾತಾಡಿದರು. ಅವಳು ಉತ್ತರವನ್ನೂ ಕೊಟ್ಟಳು. ಇಬ್ಬರಿಗೂ ಏನು ತಿಳಿಯಿತೋ ನನಗೆ ತಿಳಿಯಲಿಲ್ಲ.

ಅವಳು ಒಂದು ಕಂದು ಅಲ್ಪಾಕಾವನ್ನು ಕತ್ತು ಹಿಡಿದು ನಿಲ್ಲಿಸಿ, ಮುಟ್ಟು ಎಂದು ವೈನಿಗೆ ಸನ್ನೆ ಮಾಡಿದಳು. ವೈನಿ ಬಟ್ಟೆ ಸುತ್ತಿದ ಬೆರಳಿನ ಕೈಯನ್ನು ಅದರ ಬೆನ್ನ ಮೇಲಿಟ್ಟು, ತೆಗೆದರು. ಮತ್ತೆ ಇಟ್ಟರು. ಆಮೇಲೆ, ಏನನ್ನಿಸಿತೋ, ಬಾಗಿ ಮುಖವನ್ನೇ ಅದರ ಕತ್ತಿನ ಉಣ್ಣೆಯೊಳಗೆ ಒತ್ತಿದರು. ಪ್ರಾಣಿ ಬೆದರಿ ಗುರ್ರೆಂದಿತು. ವೈನಿ ಬಿಡಲಿಲ್ಲ.

“ವಿಮಲಾ!” ಅಂತ ಕೂಗಿದರು. “ಗಲ್ಲಕ್ಕ ತಿಳಿಯಾಕತ್ತೈತಿ! ಗಲ್ಲಕ್ಕ ಎಲ್ಲಾ ತಿಳಿಯಾಕತ್ತೈತಿ!”

ವಾಕರಿಕೆಯಿಂದಾಗಿ ಎದ್ದು ಹೋಗಲಾಗಲಿಲ್ಲ ನನಗೆ. ಕುರುಚಲು ಹುಲ್ಲಿನ ಮೇಲೆ ಕೂತೇ ನೋಡಿದೆ. ತಲೆ ಎತ್ತಿದಾಗ ಅವರ ಕೆನ್ನೆಗೆ ಕಂದು ಕೂದಲು ಅಂಟಿತ್ತು, ಕಣ್ಣು ಒದ್ದೆಯಾಗಿತ್ತು. ಚಳಿಗಾಳಿಗೆ ನನ್ನ ಕಣ್ಣೂ ಹಾಗೇ ಆಗಿತ್ತು.

ಆರೆಕೀಪಾ, ಕೊನೆಯ ದಿನಗಳು

ಗಲ್ಲ ಎಲ್ಲವನ್ನೂ ಹೇಳುವುದಿಲ್ಲ. ನಯ ಹೇಳುತ್ತದೆ, ಹುರಿ ಹೇಳುವುದಿಲ್ಲ. ಎಳೆಗಳನ್ನು ಎಷ್ಟು ಬಿಗಿಯಾಗಿ ತಿರುಚಿದ್ದಾರೆ ಎಂಬುದು ಬೆರಳಿಗೇ ಗೊತ್ತಾಗಬೇಕು. ಹಾಗಾಗಿ ಮಳಿಗೆಯಲ್ಲಿ ನಾವು ಕೆಲಸ ಹಂಚಿಕೊಂಡೆವು. ಲಡಿ ಮೊದಲು ವೈನಿಯ ಕೆನ್ನೆಗೆ, ಆಮೇಲೆ ನನ್ನ ಕೈಗೆ. ಅವರು ಪ್ರಶ್ನೆ ಕೇಳುವರು, ನಾನು ಉತ್ತರಿಸುವೆ.

“ಕಡ್ಡಿ ಹಾಕು. ಎಳೀ ನಡುವ ಸೀಳಿಕೊಂಡು ಹೋಗಾಕತ್ತೈತೇನು?”

“ಹೌದ್ರಿ, ಹೋಗ್ತೈತಿ.”

“ಹಂಗಾದ್ರ ಕ್ರೋಶಾಕ್ಕ ಬ್ಯಾಡ. ಹೊಸಬರು ದಿನಕ್ಕ ನಾಕ ಸಲ ಬಿಚ್ಚಬೇಕಾಗತೈತಿ. ಹಿಂಡಿ ಬಿಡು. ಎದ್ದು ಬರತೈತೋ, ಹಂಗ ಬಿದ್ದಿರತೈತೋ?”

ಕುರಿಯ ಉಣ್ಣೆ ಎಳೆದರೆ ಹಿಂದಕ್ಕೆ ಬರುತ್ತದೆ. ಅಲ್ಪಾಕಾ ಎಳೆದ ಕಡೆಗೇ ಹೋಗುತ್ತದೆ. ಅದು ಎಷ್ಟು ಜೋಲುತ್ತದೆ ಎಂದು ತಿಳಿಯಲು ವೈನಿ ಒಂದು ಉಪಾಯ ಹೇಳಿದರು. ಆರು ಬಗೆಯ ನೂಲಿನಿಂದ ಅಂಗೈಯಗಲದ ತುಣುಕು ಹಾಕಿ, ತೊಳೆದು, ಮನೆಯೊಡತಿಯ ಹಗ್ಗಕ್ಕೆ ನೇತುಹಾಕಿದೆ. ಪ್ರತಿಯೊಂದರ ಕೆಳಗೂ ಒಂದೇ ಗಾತ್ರದ ಆಲೂಗಡ್ಡೆ ಕಟ್ಟಿದೆ. ಮನೆಯೊಡತಿ ಅಂಗಳಕ್ಕೆ ಬಂದು, ಹಗ್ಗದಲ್ಲಿ ಸಾಲಾಗಿ ತೂಗುವ ಆರು ಆಲೂಗಡ್ಡೆ ಕಂಡು, ಶಿಲುಬೆಯ ಗುರುತು ಮಾಡಿಕೊಂಡು ಒಳಗೆ ಹೋದಳು. ಇಂಡಿಯಾದವರ ಪೂಜೆ ಅಂದುಕೊಂಡಿದ್ದಳಂತೆ.

ಎರಡು ದಿನ ಕಳೆದ ಮೇಲೆ ಹೊಳೆಯುವ ಸೂರಿಯ ತುಣುಕು ನಾಲ್ಕು ಬೆರಳಷ್ಟು ಉದ್ದವಾಗಿತ್ತು. ನಾಲ್ಕೆಳೆಯ ಬಿಗಿ ಹುರಿಯ ಹುವಕಾಯಾ ಹೆಚ್ಚುಕಡಿಮೆ ಹಾಗೇ ಇತ್ತು. ಸ್ವೆಟರಿಗೆ ಅದೇ ಎಂದು ತೀರ್ಮಾನವಾಯಿತು. ಶಾಲಿಗೆ ಇಳಿಬೀಳುವ ಗುಣವೇ ಬೇಕಲ್ಲ, ಆದ್ದರಿಂದ ಸೂರಿ. ಆದರೆ ಕ್ರೋಶಾ ಹೆಣಿಗೆಗಿಂತ ಹೆಚ್ಚು ನೂಲು ತಿನ್ನುತ್ತದೆ, ದಪ್ಪವಾದರೆ ಹೆಗಲಿಗೆ ಭಾರ. ಹಾಗಾಗಿ ತೆಳ್ಳಗಿನ ಎರಡೆಳೆ.

ತೆಳ್ಳಗಿನ ಎರಡೆಳೆಯಲ್ಲೇ ಎರಡಿದ್ದವು. ಒಂದು ವೈನಿಯ ಕೆನ್ನೆಗೆ ಬಹಳ ಹಿತವಾಗಿತ್ತು. ನನ್ನ ಬೆರಳಿಗೆ ಅದರ ಹುರಿ ಸಡಿಲ ಅನ್ನಿಸಿತು. ಇನ್ನೊಂದು ಒಂದು ಕೂದಲಷ್ಟು ಒರಟು, ಆದರೆ ಕಡ್ಡಿಗೆ ಸೀಳದು. ನಾನು ಎರಡನ್ನೂ ಹಿಡಿದು ಬಹಳ ಹೊತ್ತು ಕೂತೆ. ನೀವೇ ಹೇಳ್ರಿ ಎಂದೆ. ವೈನಿ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡರು. ಎಲ್ಬಾ ಗಡಿಯಾರ ನೋಡಿದಳು. ಕೊನೆಗೆ ಎರಡನೆಯದನ್ನು ಮೇಜಿನ ಆಚೆ ದೂಡಿ, “ಇದು” ಎಂದೆ. ನನ್ನ ಬದುಕಿನಲ್ಲಿ ಅಷ್ಟು ಹೆದರಿಕೊಂಡು ಹೇಳಿದ ಮಾತು ಇನ್ನೊಂದಿಲ್ಲ.

ಹೈದರಾಬಾದ್

ಪೆಟ್ಟಿಗೆಗಳು ಬರಲು ಎರಡು ತಿಂಗಳು ಹಿಡಿಯಿತು. ನನ್ನದೊಂದು ತಪ್ಪಾಗಿತ್ತು. ಬಣ್ಣ ಹಾಕದ ಉಣ್ಣೆಗೂ ಕಂತಿನಿಂದ ಕಂತಿಗೆ ಛಾಯೆ ಬದಲಾಗುತ್ತದೆ ಎಂಬುದನ್ನು ನಾನು ನೋಡಿರಲಿಲ್ಲ. ಬೂದು ನೂಲಿನ ಎರಡು ಪೆಟ್ಟಿಗೆ ಸೂರ್ಯನ ಬೆಳಕಿನಲ್ಲಿ ಬೇರೆ ಬೇರೆ ಕಂಡವು. ನಾನು ಅತ್ತೇಬಿಟ್ಟೆ. ವೈನಿ ಎರಡೂ ಪೆಟ್ಟಿಗೆಯಿಂದ ಒಂದು ಸಾಲು ಅದು, ಒಂದು ಸಾಲು ಇದು ಎಂದು ಹಾಕಿಸಿದರು. ಶಾಲಿನಲ್ಲಿ ಅದು ನೀರಿನ ಮೇಲಿನ ಅಲೆಯಂತೆ ಕಂಡಿತು. ಆ ಬೂದು ಶಾಲುಗಳೇ ಹೆಚ್ಚು ಬೇಕು ಎಂದು ಆಮೇಲೆ ಈಮೇಲ್ ಬಂತು. ಹದಿನೈದು ಮಂದಿಯೂ ಕೆಲಸದಲ್ಲಿ ಉಳಿದರು.

ಆದರೆ ವೈನಿ ಈಮೇಲಿಗಾಗಿ ಕಾದಿರಲಿಲ್ಲ. ಊರಿಗೆ ಬಂದ ಮೊದಲ ವಾರವೇ ಬೇಗಂ ಬಜಾರಿಗೆ ಹೊರಟರು. ನಾನೂ ಹೋದೆ. ಸೇಠ್ ಎದ್ದು ನಿಂತು ಸ್ವಾಗತಿಸಿ, ಚಹಾ ಹೇಳಿ, ಪೆರುವಿನ ಬಗ್ಗೆ ಕೇಳತೊಡಗಿದರು. ವೈನಿ ಎರಡೂ ಅಂಗೈಗಳನ್ನು ಗಾದಿಯ ಮೇಲೆ, ಅವರ ಮುಂದೆ ಚಾಚಿದರು.

“ಸೇಠಜಿ, ಮೇರೇ ಹಾಥ್ ಗಯೇ,” ಎಂದರು. ನನ್ನ ಕೈ ಹೋದವು. “ಏಕ್ ಸಾಲ್ ಸೇ ಝೂಟ್ ಬೋಲಿ ಮೈ.” ಒಂದು ವರ್ಷದಿಂದ ಸುಳ್ಳು ಹೇಳಿದೆ.

ಸೇಠ್ ಆ ಕೈಗಳನ್ನು ನೋಡುತ್ತ ಕೂತರು. ಚಹಾ ಬಂತು, ಆರಿತು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅವರು ಮೆಲ್ಲಗೆ ಡಾಕ್ಟರಿಗೆ ತೋರಿಸಿದಿರಾ ಎಂದು ಕೇಳಿದರು. ಆಮೇಲೆ ಕೇಳಿದರು: “ತೋ ಚುನಾ ಕೌನ್?” ಹಾಗಾದರೆ ಆರಿಸಿದ್ದು ಯಾರು?

ವೈನಿ ನನ್ನ ಕಡೆ ಬೊಟ್ಟು ಮಾಡಿದರು.

ಸೇಠ್ ಗಾದಿಯ ಕೆಳಗಿನಿಂದ ಹೊಸದಾಗಿ ಬಂದ, ಆಡಿನ ಕೂದಲಿನ ಮೊಹೇರ್ ನೂಲಿನ ಒಂದು ಲಡಿ ತೆಗೆದರು. ಇಪ್ಪತ್ತು ವರ್ಷದ ರೂಢಿ. ಕೈ ವೈನಿಯ ಕಡೆಗೇ ಚಾಚಿತು. ನಡುವೆ ನಿಂತಿತು. ನನ್ನ ಕಡೆ ತಿರುಗಿತು. ನಾನು ತೆಗೆದುಕೊಂಡೆ. ವೈನಿಯ ಮುಖ ನೋಡಿದೆ. ಅವರು ಬೇಕೆಂತಲೇ ಕಿಟಕಿಯ ಕಡೆ ತಿರುಗಿ, ಕೆಳಗೆ ಬಂಡಿಯಿಂದ ಬೆಲ್ಲ ಇಳಿಸುವವರನ್ನು ನೋಡುತ್ತಿದ್ದರು.

ಎಳೆಯನ್ನು ಹೊಸೆದೆ. “ನಕ್ಕೋ, ಸೇಠಜಿ,” ಬೇಡ ಅಂದೆ. “ತೊಳೆದರೆ ಎಲ್ಲ ಉದುರುತ್ತದೆ.”

ಸೇಠ್ ಇನ್ನೊಂದು ಮಾತು ಕೇಳದೆ ಲಡಿಯನ್ನು ಹಿಂದಕ್ಕಿಟ್ಟರು.

ಹೊರಡುವಾಗ ಮೆಟ್ಟಿಲಿನ ತುದಿಯಲ್ಲಿ ವೈನಿ ನಿಂತುಬಿಟ್ಟರು. ಕಡಿದಾದ, ಕತ್ತಲೆಯ ಮೆಟ್ಟಿಲು. ನನ್ನ ತೋಳು ಹಿಡಿದರು.

“ಕಾಲೂ ಹಂಗ ಆಗಾಕತ್ತಾವ, ವಿಮಲಾ,” ಎಂದರು. “ಮೆಟ್ಟಲ ಎಲ್ಲಿ ಮುಗೀತಾವ ತಿಳಿಯಂಗಿಲ್ಲ. ಇದನ್ನ ಇನ್ನೂ ಯಾರಿಗೂ ಹೇಳಿಲ್ಲ. ನಿನಗ ಹೇಳಿದೆ.”

ನಾನು ಒಂದು ಮೆಟ್ಟಿಲು ಮುಂದೆ ಇಳಿದು ನಿಂತೆ. ಅವರ ಕೈಯನ್ನು ನನ್ನ ಹೆಗಲ ಮೇಲಿಟ್ಟುಕೊಂಡು ಗಟ್ಟಿಯಾಗಿ ಎಣಿಸುತ್ತ ಇಳಿದೆ. ಹದಿನಾಲ್ಕು ಇದ್ದವು.